ಹೆಸರಿಗಾಗಿ ಕಾದ ಖನಿಜ

ಭೂಮಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಖನಿಜ ನಮ್ಮ ಕಾಲಡಿಯಲ್ಲೇ ಇದೆ, ಆದರೆ ಸುಮಾರು 660 ಕಿಲೋಮೀಟರ್ ಆಳದಲ್ಲಿ. ಅಲ್ಲಿಂದ 2,900 ಕಿಲೋಮೀಟರ್ ಸಮೀಪದವರೆಗೆ ಹಬ್ಬಿರುವ ಅದು ಭೂಮಿಯ ಗಾತ್ರದ ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು. ಇಷ್ಟಿದ್ದೂ 2014ರವರೆಗೆ ಅದಕ್ಕೆ ಸ್ವಂತ ಹೆಸರಿರಲಿಲ್ಲ.

ಅಷ್ಟು ಆಳದಲ್ಲಿ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ 2 ಲಕ್ಷ ಪಟ್ಟನ್ನೂ ಮೀರುತ್ತದೆ. ಮೇಲಿನ ಕಲ್ಲುಗಳಲ್ಲಿ ಒಂದೊಂದು ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಆಕ್ಸಿಜನ್ ಇದ್ದರೆ, ಅಲ್ಲಿ ಆರು ಒತ್ತಿಕೊಂಡು ಕೂರುತ್ತವೆ. ಹಬ್ಬದ ಹಿಂದಿನ ದಿನ ಊರಿಗೆ ಹೊರಟ ಬಸ್ಸಿನ ಸೀಟಿನ ಹಾಗೆ. ಮೆಗ್ನೀಸಿಯಂ, ಕಬ್ಬಿಣ, ಸಿಲಿಕಾನ್, ಆಕ್ಸಿಜನ್ ಎಲ್ಲ ಅವೇ. ಜೋಡಣೆ ಮಾತ್ರ ಬೇರೆ, ಹೆಚ್ಚು ಸಾಂದ್ರ.

ಇಂಥ ಒತ್ತಡವನ್ನು ಪ್ರಯೋಗಾಲಯಕ್ಕೆ ತರುವ ದಾರಿ ತೆರೆದವರು ಹಾರ್ವರ್ಡ್‌ನ ಪರ್ಸಿ ಬ್ರಿಡ್ಜ್‌ಮನ್. ಅವರಿಗಿಂತ ಮುಂಚೆ ಒತ್ತಡ ಏರಿಸಿದಂತೆಲ್ಲ ಉಪಕರಣ ಸೋರುತ್ತಿತ್ತು. ಅವರು ರೂಪಿಸಿದ ಬಿರಡೆ ಒತ್ತಡ ಏರಿದಷ್ಟೂ ತಾನೇ ಬಿಗಿಯಾಗುತ್ತಿತ್ತು. ಕೆಲವು ಸಾವಿರದಲ್ಲಿ ನಿಂತಿದ್ದ ಲೆಕ್ಕ ಲಕ್ಷ ಪಟ್ಟು ಮುಟ್ಟಿತು. 1946ರಲ್ಲಿ ನೊಬೆಲ್ ಬಂತು.

1970ರ ದಶಕದ ನಡುವೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಲಿನ್-ಗುನ್ ಲಿಯು ಎರಡು ವಜ್ರದ ತುದಿಗಳ ನಡುವೆ ಕಲ್ಲಿನ ಚೂರನ್ನು ಅದುಮಿ, ಲೇಸರ್‌ನಿಂದ ಕಾಯಿಸಿ ಈ ಖನಿಜವನ್ನು ತಯಾರಿಸಿದರು. ಹೆಸರು ಮಾತ್ರ ಸಿಗಲಿಲ್ಲ. ಪ್ರಕೃತಿಯಲ್ಲಿ ಸಿಕ್ಕ ಮಾದರಿಯನ್ನು ಪರೀಕ್ಷಿಸದೆ ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘ ಹೊಸ ಹೆಸರನ್ನು ಒಪ್ಪುವುದಿಲ್ಲ. ಆಳದಿಂದ ಮೇಲೆ ಬರುವಷ್ಟರಲ್ಲಿ ಈ ಹರಳು ಬೇರೆ ಖನಿಜವಾಗಿಬಿಡುತ್ತದೆ. ಹಾಗಾಗಿ ಅದು ಎರವಲು ಹೆಸರಿನಲ್ಲಿ ಬದುಕಿತು: 1839ರಲ್ಲಿ ರಷ್ಯಾದ ಉರಲ್ ಬೆಟ್ಟಗಳ ಮಾದರಿಯಿಂದ ಗುರುತಿಸಿದ ಪೆರೊವ್‌ಸ್ಕೈಟ್‌ನ ಜೋಡಣೆಯನ್ನೇ ಹೋಲುತ್ತಿದ್ದುದರಿಂದ ‘ಸಿಲಿಕೇಟ್ ಪೆರೊವ್‌ಸ್ಕೈಟ್’.

ಮಾದರಿ ಕೊನೆಗೆ ಸಿಕ್ಕಿದ್ದು ನೆಲದಾಳದಿಂದಲ್ಲ, ಆಕಾಶದಿಂದ. 1879ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬಿದ್ದ ಟೆನ್‌ಹ್ಯಾಮ್ ಉಲ್ಕಾಶಿಲೆಯಲ್ಲಿ ತೆಳುವಾದ ಕಪ್ಪು ಗೆರೆಗಳಿದ್ದವು. ಬಾಹ್ಯಾಕಾಶದಲ್ಲಿ ಬಂಡೆಗೆ ಬಂಡೆ ಡಿಕ್ಕಿ ಹೊಡೆದಾಗ ಕ್ಷಣಕಾಲ ಹುಟ್ಟಿದ ಒತ್ತಡ ಮತ್ತು ಶಾಖದ ಗುರುತುಗಳವು. ಬೇಗ ತಣ್ಣಗಾದ್ದರಿಂದ ಹರಳು ಹಾಗೇ ಉಳಿದಿತ್ತು. ಎಲೆಕ್ಟ್ರಾನ್ ಕಿರಣ ತಾಗಿದರೆ ಗಾಜಾಗಿಬಿಡುವಷ್ಟು ನಾಜೂಕು. ಆಲಿವರ್ ಚೌನರ್, ಚಿ ಮಾ ಮತ್ತು ಸಂಗಡಿಗರು ಸೂಕ್ಷ್ಮ ಎಕ್ಸ್-ರೇ ಕಿರಣದಿಂದ ಅದನ್ನು ಅಳೆದರು. 2014ರಲ್ಲಿ ಹೆಸರು ಮಂಜೂರಾಯಿತು: ಬ್ರಿಡ್ಜ್‌ಮನೈಟ್.

ಒಂದು ಪರಿಕಲ್ಪನೆಯ ಅರ್ಥವೆಂದರೆ ಅದನ್ನು ಅಳೆಯಲು ನಾವು ಮಾಡುವ ಕ್ರಿಯೆಗಳೇ ಎಂದು ಬ್ರಿಡ್ಜ್‌ಮನ್ 1927ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದರು. ಅವರ ಹೆಸರು ಹೊತ್ತ ಖನಿಜಕ್ಕೂ ಅಳತೆಗೆ ಸಿಗುವವರೆಗೆ ಹೆಸರಿಲ್ಲ! ಕಾಣದ, ಮುಟ್ಟದ ವಸ್ತುಗಳಿಗೆ ಕನ್ನಡದಲ್ಲಿ ಪದ ಹೊಂದಿಸುವುದು ಅನುವಾದಕಿಯಾದ ನನ್ನ ದಿನದ ಕೆಲಸ. ಗಡುವು ಹತ್ತಿರ ಬಂದಾಗ ಹೊಳೆದ ಪದವನ್ನು ಹಾಕಿ ಮುಂದೆ ಹೋಗಿದ್ದೂ ಇದೆ. ಈ ಕಥೆ ಓದಿದ ಮೇಲೆ, ಪದ ಬರೆಯುವ ಮುಂಚೆ ಆ ವಸ್ತುವನ್ನು ನಿಜಕ್ಕೂ ತಿಳಿದವರಿಗೆ ಒಂದು ಫೋನ್ ಮಾಡುತ್ತೇನೆ.