ಬೇಲಿಯ ಹೊರಗಿನ ಲೆಕ್ಕ: ಬೀದರ ವಾಯುನೆಲೆ ಮತ್ತು ರಾಜ್ಯದ ಬೊಕ್ಕಸ

ಸಂವಿಧಾನದ ಏಳನೆಯ ಅನುಸೂಚಿಯನ್ನು ತೆರೆದರೆ ಮಾತು ಅಲ್ಲಿಗೇ ಮುಗಿದಂತೆ ಕಾಣುತ್ತದೆ. ಭೂ, ನೌಕಾ, ವಾಯು ಪಡೆಗಳು ಕೇಂದ್ರ ಪಟ್ಟಿಯ 2ನೆಯ ನಮೂದು. ಅವುಗಳ ಕಾಮಗಾರಿಗಳು 4ನೆಯದು. ರಾಜ್ಯಕ್ಕಾಗಲಿ ಊರಿನ ಆಡಳಿತಕ್ಕಾಗಲಿ ಅದರಲ್ಲಿ ಪಾಲಿಲ್ಲ. ಆದರೆ ನೆಲೆಯ ಗೇಟಿನವರೆಗೆ ಬರುವ ರಸ್ತೆ, ಕುಡಿಯುವ ನೀರು, ಕಸ, ಚರಂಡಿ ಇವೆಲ್ಲ ರಾಜ್ಯ ಪಟ್ಟಿಗೆ ಸೇರಿದವು. ಬೀದರಿನಲ್ಲಿ ಈ ಎರಡು ಪಟ್ಟಿಗಳು ಸಂಧಿಸುವುದು ವಾಯುನೆಲೆಯ ಬೇಲಿಯ ಬಳಿ. ಬೇಲಿಯ ಒಳಗಿನ ಖರ್ಚು ರಕ್ಷಣಾ ಬಜೆಟ್ಟಿನಲ್ಲಿ ಸಿಗುತ್ತದೆ. ಹೊರಗಿನದು ಹತ್ತು ಇಲಾಖೆಗಳ ಲೆಕ್ಕಶೀರ್ಷಿಕೆಗಳಲ್ಲಿ ಚೆದುರಿಹೋಗಿ, ರಕ್ಷಣೆಗೆಂದು ಆದ ಖರ್ಚಾಗಿ ಎಲ್ಲೂ ಕಾಣಿಸುವುದಿಲ್ಲ. ಈ ಲೇಖನ ಹುಡುಕುವುದು ಆ ಹೊರಗಿನ ಲೆಕ್ಕವನ್ನು.

ಬೀದರಿನ ವಿಮಾನ ಮೈದಾನ ಭಾರತೀಯ ವಾಯುಪಡೆಗಿಂತ ಮೊದಲು ಹೈದರಾಬಾದ್ ಸಂಸ್ಥಾನದ್ದಾಗಿತ್ತು. 1948ರಲ್ಲಿ ಆಸ್ಟ್ರೇಲಿಯದ ಸಿಡ್ನಿ ಕಾಟನ್ ಕರಾಚಿಯಿಂದ ನಿಜಾಮನಿಗೆ ಕದ್ದು ಶಸ್ತ್ರ ಸಾಗಿಸುತ್ತಿದ್ದಾಗ ಅವನ ವಿಮಾನಗಳು ಇಳಿದ ತಾಣಗಳಲ್ಲಿ ಬೀದರವೂ ಒಂದು. ಸೆಪ್ಟೆಂಬರ್ 13ರಿಂದ 18ರವರೆಗಿನ ಪೊಲೀಸ್ ಕಾರ್ಯಾಚರಣೆಯ ನಂತರ ಸಂಸ್ಥಾನ ಭಾರತಕ್ಕೆ ಸೇರಿತು. 1950ರ ಏಪ್ರಿಲ್ 1ರಂದು ಹಣಕಾಸಿನ ಏಕೀಕರಣವಾದಾಗ ರೈಲ್ವೆಯಂಥ ಒಕ್ಕೂಟದ ವಿಷಯಗಳು ಆಸ್ತಿಸಮೇತ ಕೇಂದ್ರದ ಕೈ ಸೇರಿದವು. ಹೈದರಾಬಾದಿನ ರೈತರು ಕಟ್ಟಿದ ಕಂದಾಯದಿಂದ ಬೆಳೆದ ಆಸ್ತಿ ಹೀಗೆ ಒಂದು ದಿನದಲ್ಲಿ ರಾಷ್ಟ್ರದ ಆಸ್ತಿಯಾಯಿತು. ಅದು ಸರಿಯಾಗಿಯೇ ಆಯಿತು. ಆದರೆ ಅದರ ಮೊದಲ ಬಂಡವಾಳ ಎಲ್ಲಿಂದ ಬಂತೆಂಬುದು ಮರೆತುಹೋಯಿತು.

ಇದೇ ಹೊತ್ತಿನ ಇನ್ನೊಂದು ಕತೆ ಮೈಸೂರಿನದು. 1940ರ ಡಿಸೆಂಬರ್‌ನಲ್ಲಿ ವಾಲಚಂದ್ ಹೀರಾಚಂದರು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭಿಸಿದಾಗ ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರ 25 ಲಕ್ಷ ರೂಪಾಯಿ ತೊಡಗಿಸಿತು, ಜಮೀನನ್ನೂ ಕೊಟ್ಟಿತು. ಆ ಕಾರ್ಖಾನೆ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಮೊದಲ ಬಾರಿ ಹಾರಿತು. ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ಬೀದರಿನಲ್ಲಿ ಪ್ರಾಥಮಿಕ ಹಾರಾಟ ಶಾಲೆ ತೆರೆದಾಗ ಅಲ್ಲಿ ಹಾರಿದ್ದು ಇದೇ ಎಚ್‌ಟಿ-2. ನಿಜಾಮನ ಸಂಸ್ಥಾನದ ಮೈದಾನ, ಮೈಸೂರಿನ ಬೊಕ್ಕಸದಿಂದ ಮೊಳೆತ ಕಾರ್ಖಾನೆಯ ವಿಮಾನ: ಕೇಂದ್ರದ ವಾಯುಪಡೆ ಶಾಲೆಯೊಂದರ ಅಡಿಪಾಯದಲ್ಲಿ ಎರಡು ಸಂಸ್ಥಾನಗಳ ಸಂಪತ್ತು ಕೂಡಿದೆ.

ನಡುವೆ ರಾಜ್ಯ ಪುನರ್ವಿಂಗಡಣೆಯ 1956ರ ನವೆಂಬರ್ 1 ಬಂದುಹೋಯಿತು. ಹಳೆಯ ಬೀದರ ಜಿಲ್ಲೆ ಮೂರು ಹೋಳಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿಗೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಬೀದರ, ಭಾಲ್ಕಿ, ಹುಮನಾಬಾದ ಮತ್ತು ಆಗ ಸಂತಪುರ ಎನಿಸಿಕೊಂಡಿದ್ದ ಔರಾದ ಮೈಸೂರಿಗೆ ಬಂದವು. ವಾಯುನೆಲೆ ಬೆಳೆಯುತ್ತ ಹೋಯಿತು. 1996ರಲ್ಲಿ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡ ಇಲ್ಲಿ ಹುಟ್ಟಿತು. 2008ರಲ್ಲಿ ಹಾಕ್ ತರಬೇತಿ ಜೆಟ್‌ಗಳು ಬಂದವು. ನೆಲೆಗೆ ನೆರೆಯಾಗಿದ್ದ ಜಿಲ್ಲೆ ಮಾತ್ರ ರಾಜ್ಯದ ತೀರ ಹಿಂದುಳಿದ ಜಿಲ್ಲೆಗಳಲ್ಲೇ ಉಳಿಯಿತು.

ಊರಿನ ಆಡಳಿತ ಬಿಟ್ಟುಕೊಡುವ ಹಣದ ಬಗ್ಗೆ ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸಂವಿಧಾನದ 285ನೆಯ ವಿಧಿ ಕೇಂದ್ರದ ಆಸ್ತಿಗೆ ರಾಜ್ಯದ ಮತ್ತು ಸ್ಥಳೀಯ ಸಂಸ್ಥೆಗಳ ತೆರಿಗೆಯಿಂದ ವಿನಾಯಿತಿ ಕೊಡುತ್ತದೆ. ಊರಿನ ಅಂಗಡಿಯವನು ಕಟ್ಟುವ ಆಸ್ತಿ ತೆರಿಗೆಯನ್ನು ಊರ ಪಕ್ಕದ ನೂರಾರು ಎಕರೆ ಕಟ್ಟುವುದಿಲ್ಲ. ಈ ಕೊರತೆ ತುಂಬಲು ಕೇಂದ್ರ ಹಣಕಾಸು ಸಚಿವಾಲಯ 1954 ಮತ್ತು 1967ರ ಸುತ್ತೋಲೆಗಳಲ್ಲಿ ಸೇವಾ ಶುಲ್ಕದ ವ್ಯವಸ್ಥೆ ಮಾಡಿತು: ಪುರಾಡಳಿತದ ಎಲ್ಲ ಸೇವೆ ಬಳಸುವ ಕಟ್ಟಡಕ್ಕೆ ಆಸ್ತಿ ತೆರಿಗೆಯ ಶೇ 75, ಕೆಲವನ್ನಷ್ಟೇ ಬಳಸಿದರೆ ಶೇ 50, ಏನೂ ಬಳಸದಿದ್ದರೂ ಮೂರನೆಯ ಒಂದು ಪಾಲು. 2009ರಲ್ಲಿ ರಾಜಕೋಟ ಮಹಾನಗರ ಪಾಲಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಈ ಶುಲ್ಕದ ಹೊಣೆಯನ್ನು ಮತ್ತೆ ಗಟ್ಟಿಗೊಳಿಸಿತು. ಪೂರ್ತಿ ಸೇವೆ ಒದಗಿಸಿದ ಊರಿಗೂ ಕಾಲು ಭಾಗ ಖೋತಾ ಎಂಬುದನ್ನು ಗಮನಿಸಬೇಕು. ನನ್ನ ಮಟ್ಟಿಗೆ ಆ ಕಾಲು ಭಾಗ ಊರು ದೇಶದ ರಕ್ಷಣೆಗೆ ವರ್ಷವರ್ಷವೂ ಕೊಡುವ ವಂತಿಗೆ.

ಕೊಡುಗೆ ಹಣದ ರೂಪದಲ್ಲೇ ಇರಬೇಕೆಂದಿಲ್ಲ. 1937ರ ವಿಮಾನ ನಿಯಮಗಳ 91ನೆಯ ನಿಯಮ ವಿಮಾನ ನಿಲ್ದಾಣದ 10 ಕಿ.ಮೀ. ತ್ರಿಜ್ಯದಲ್ಲಿ ಪ್ರಾಣಿ ಕಡಿಯುವುದನ್ನೂ ಹಕ್ಕಿ ಸೆಳೆಯುವ ಕಸ ಸುರಿಯುವುದನ್ನೂ ತಡೆಯುತ್ತದೆ. ಏರೋ ಇಂಡಿಯಾ ನಡೆಯುವಾಗ ಯಲಹಂಕ ವಾಯುನೆಲೆಯ ಸುತ್ತ ಮಾಂಸದಂಗಡಿ ಮುಚ್ಚಿಸಲು ಬಿಬಿಎಂಪಿ ಮುಂದಿಟ್ಟದ್ದು ಇದನ್ನೇ. ಬೀದರಿನಂಥ ಊರಿನಲ್ಲಿ 10 ಕಿ.ಮೀ. ಎಂದರೆ ಇಡೀ ಊರೇ. ಕಸಾಯಿಖಾನೆಯನ್ನೂ ಕಸ ವಿಲೇವಾರಿ ಜಾಗವನ್ನೂ ದೂರಕ್ಕೆ ಒಯ್ಯುವ ಖರ್ಚು ಸ್ಥಳೀಯ ಆಡಳಿತದ್ದು. ನೀರಿನ ಮಾತೂ ಹೀಗೆಯೇ. ಬೀದರ ನಗರಕ್ಕೆ ನೀರು ಬರುವುದು ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿಯ ಕಾರಂಜಾ ಜಲಾಶಯದಿಂದ. ಕಟ್ಟಿದ್ದು ರಾಜ್ಯ, ಮುಳುಗಿದ್ದು ರೈತರ ಹೊಲ, ಪರಿಹಾರಕ್ಕಾಗಿ ಆ ಸಂತ್ರಸ್ತರು ದಶಕಗಳಿಂದ ಹೋರಾಡುತ್ತಲೇ ಇದ್ದಾರೆ. ನೆಲೆಯನ್ನು ಸಾಕುವ ನಗರಕ್ಕೆ ಭಾಲ್ಕಿ ಕೊಟ್ಟದ್ದು ಇದು.

ರಾಜ್ಯದ ಹಣ ಬೇಲಿಯ ಅಂಚನ್ನೇ ಮುಟ್ಟಿದ್ದು ನಾಗರಿಕ ವಿಮಾನಯಾನದ ಮೂಲಕ. ವಾಯುಪಡೆಯ ರನ್‌ವೇ ಬಳಸಿಕೊಂಡು ಪ್ರಯಾಣಿಕರ ಟರ್ಮಿನಲ್ ನಡೆಸುವ ಯೋಜನೆಗೆ ಹಲವು ವರ್ಷ ಅಡ್ಡಿಯಾಗಿದ್ದು ಹೈದರಾಬಾದ್ ವಿಮಾನ ನಿಲ್ದಾಣದ 2004ರ ಒಪ್ಪಂದ, 150 ಕಿ.ಮೀ. ಒಳಗೆ ಇನ್ನೊಂದು ನಿಲ್ದಾಣ ಕೂಡದೆಂಬುದು ಅದರ ಷರತ್ತು. ಕಟ್ಟಡ ಎದ್ದ ಮೇಲೂ ಬೀಗ ಬಿದ್ದೇ ಇತ್ತು. ಕಡೆಗೆ ಅದನ್ನು ನಡೆಸುವ ಹೊಣೆಯನ್ನು ಹೈದರಾಬಾದ್ ನಿಲ್ದಾಣ ನಡೆಸುವ ಜಿಎಂಆರ್ ಸಂಸ್ಥೆಯೇ ವಹಿಸಿಕೊಂಡು, 2020ರ ಫೆಬ್ರವರಿ 7ರಂದು ಬೆಂಗಳೂರಿಗೆ ಮೊದಲ ವಿಮಾನ ಹಾರಿತು. ಪ್ರಾದೇಶಿಕ ವಿಮಾನಯಾನದ ಉಡಾನ್ ಯೋಜನೆಯಡಿ ನಷ್ಟ ತುಂಬುವ ಹಣದಲ್ಲಿ ರಾಜ್ಯದ ಪಾಲು ಶೇ 20. ಪೊಲೀಸ್ ಭದ್ರತೆ, ಅಗ್ನಿಶಾಮಕ ಸೇವೆ ಪುಕ್ಕಟೆ. ನೀರು, ವಿದ್ಯುತ್ತು ರಿಯಾಯಿತಿಯಲ್ಲಿ. ವಿಮಾನ ಇಂಧನದ ತೆರಿಗೆ ಶೇ 1ಕ್ಕೆ ಇಳಿಕೆ. ಸೇವೆ ನಿಂತಿತು, ಬೇರೆ ಸಂಸ್ಥೆಯೊಂದಿಗೆ ಮತ್ತೆ ಹತ್ತಿತು, ಮತ್ತೆ ನಿಂತಿತು. 2025ರಲ್ಲಿ ಪುನಃ ಶುರುವಾದದ್ದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ನೆರವಿನ ಮೇಲೆ.

ಈ ಕಡೆಯ ಸಂಗತಿ ನನ್ನನ್ನು ಕಾಡುತ್ತದೆ. ಆ ಮಂಡಳಿ ಹುಟ್ಟಿದ್ದು 371ಜೆ ವಿಧಿಯಿಂದ, ಪ್ರದೇಶದ ಹಿಂದುಳಿದಿರುವಿಕೆಯನ್ನು ನೀಗಲಿಕ್ಕೆ. ಔರಾದದಂಥ ಗಡಿ ತಾಲ್ಲೂಕಿನ ಶಾಲೆ, ಆಸ್ಪತ್ರೆ, ರಸ್ತೆಗೆ ಸಲ್ಲಬೇಕಾದ ನಿಧಿಯ ಒಂದು ಪಾಲು ವಿಮಾನದ ಸೀಟು ತುಂಬಿಸಲು ಹೋಗುತ್ತದೆ. ವಾಯುನೆಲೆಯ ಎಕರೆಗಳು ಔರಾದದಲ್ಲಿಲ್ಲ, ಹಾಗಾಗಿ ಸೇವಾ ಶುಲ್ಕದ ಒಂದು ಪೈಸೆಯೂ ಅದಕ್ಕೆ ಇಲ್ಲ. ವಿಮಾನ ಬೇಡವೆಂದು ಯಾರೂ ಹೇಳಲಾರರು. ಬೆಂಗಳೂರಿಗೆ ಒಂದು ರಾತ್ರಿಯ ದಾರಿ ಇರುವ ಜಿಲ್ಲೆಗೆ ಅದು ಬೇಕೇ ಬೇಕು. ಆದರೆ ಯಾರ ಹಣದಲ್ಲಿ ಎಂಬ ಪ್ರಶ್ನೆ ಜಿಲ್ಲಾ ಮಟ್ಟದ ಚರ್ಚೆಗೆ ಬರಬೇಕು.

ಅಮೆರಿಕದಲ್ಲಿ ಇಂಥ ಲೆಕ್ಕಕ್ಕೆ ಹೆಸರೂ ಕಾನೂನೂ ಇವೆ. ಸೇನಾನೆಲೆಯಂಥ ಒಕ್ಕೂಟದ ಆಸ್ತಿಯಿಂದ ತೆರಿಗೆ ಕಳೆದುಕೊಳ್ಳುವ ಶಾಲಾ ಜಿಲ್ಲೆಗಳಿಗೆ 1950ರಿಂದಲೂ ಒಕ್ಕೂಟ ಸರ್ಕಾರ ಪರಿಹಾರ ಕೊಡುತ್ತಿದೆ. 1988ರಿಂದ 2005ರವರೆಗಿನ ಐದು ಸುತ್ತುಗಳಲ್ಲಿ ನೆಲೆಗಳು ಮುಚ್ಚಿದಾಗ ಟೆಕ್ಸಾಸ್, ಫ್ಲಾರಿಡಾದಂಥ ರಾಜ್ಯಗಳು ತಮ್ಮ ಖಜಾನೆಯಿಂದಲೇ ಅನುದಾನ ಕೊಟ್ಟು ನೆಲೆಗಳನ್ನು ಉಳಿಸಿಕೊಳ್ಳಲು ಪೈಪೋಟಿಗಿಳಿದವು. ಆ ಪೈಪೋಟಿ ನಮಗೆ ಬೇಡ. ಲೆಕ್ಕ ಇಡುವ ಕ್ರಮ ಮಾತ್ರ ಬೇಕು. ಬೀದರಿನಲ್ಲಿ ಅದಕ್ಕೆ ರಕ್ಷಣಾ ಇಲಾಖೆಯ ಗುಟ್ಟಿನ ಕಡತ ಒಂದೂ ಬೇಕಾಗಿಲ್ಲ: ನಗರಾಡಳಿತದ ಬೇಡಿಕೆ-ವಸೂಲಿ ಪುಸ್ತಕ, ಲೋಕೋಪಯೋಗಿ ಇಲಾಖೆಯ ರಸ್ತೆ ಬಾಬ್ತು, ನೀರು ಸರಬರಾಜಿನ ಬಿಲ್ಲು, ಮಂಡಳಿಯ ವಾರ್ಷಿಕ ಕ್ರಿಯಾಯೋಜನೆ ಇಷ್ಟನ್ನೂ ಒಂದೇ ಮೇಜಿನ ಮೇಲೆ ತರಿಸಿಕೊಂಡು ನೋಡುವ ಅಧಿಕಾರ ಜಿಲ್ಲಾಧಿಕಾರಿಗೆ ಇವತ್ತೇ ಇದೆ.