ಏಣಿಯ ಮೆಟ್ಟಿಲು, ಸರಣಿಯ ದಿನ: ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರದಲ್ಲಿ ಭಾಷಾಕಲಿಕೆಯ ಆಟೀಕರಣ

ಆಟವಲ್ಲದ ಕೆಲಸಕ್ಕೆ ಅಂಕ, ಪದಕ, ಹಂತ, ಸ್ಪರ್ಧಾಪಟ್ಟಿ ಮುಂತಾದ ಆಟದ ಅಂಗಗಳನ್ನು ಜೋಡಿಸಿ ಜನರನ್ನು ಅದರಲ್ಲಿ ತೊಡಗಿಸುವ ಕ್ರಮವನ್ನು ಗೇಮಿಫಿಕೇಶನ್ ಎನ್ನುತ್ತಾರೆ. ಇಲ್ಲಿ ಅದನ್ನು ಆಟೀಕರಣ ಎಂದು ಕರೆಯಲಾಗಿದೆ. ಭಾಷಾಕಲಿಕೆಯಲ್ಲಿ ಇದರ ಪ್ರಸಿದ್ಧ ಮಾದರಿಯೆಂದರೆ 2011ರಲ್ಲಿ ಸ್ಥಾಪನೆಗೊಂಡ ಡುಯೊಲಿಂಗೊ. ಭಾರತದ ಶಿಕ್ಷಣ ಸಚಿವಾಲಯ 2021ರಲ್ಲಿ ಹೊರತಂದ ಭಾಷಾ ಸಂಗಮ ಆ್ಯಪ್, ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ದಿನಬಳಕೆಯ ನೂರು ವಾಕ್ಯಗಳನ್ನು ಕಲಿಸಿ, ಪರೀಕ್ಷೆ ಮುಗಿಸಿದವರಿಗೆ ಪ್ರಮಾಣಪತ್ರ ಕೊಡುತ್ತದೆ. ಇಂಥ ಆ್ಯಪ್‌ಗಳ ಒಳಿತು ಕೆಡುಕುಗಳನ್ನು ತೂಗುವಾಗ ಆಟ ಇರಬೇಕೇ ಬೇಡವೇ ಎಂಬುದಕ್ಕಿಂತ, ಆ ಆಟ ಏನನ್ನು ಎಣಿಸುತ್ತದೆ ಎಂಬ ಪ್ರಶ್ನೆಯೇ ಮುಖ್ಯವಾದುದೆಂದು ರಾಯಚೂರು ಜಿಲ್ಲೆಯ ಮೂರು ತಾಲ್ಲೂಕುಗಳ ಭಾಷಾಸ್ಥಿತಿಯನ್ನು ಮುಂದಿಟ್ಟುಕೊಂಡು ನೋಡಿದರೆ ತಿಳಿಯುತ್ತದೆ.

ಈ ನೆಲಕ್ಕೆ ಪರಭಾಷೆ ಹೊಸದಲ್ಲ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಮಸ್ಕಿಯಲ್ಲಿ ಗುರುತಿಸಿದ, ಅಶೋಕನ ಹೆಸರನ್ನು ನೇರವಾಗಿ ಹೇಳುವ ಶಾಸನದ ಭಾಷೆಯೇ ಪ್ರಾಕೃತ. ನಿಜಾಮರ ಆಳ್ವಿಕೆಯಲ್ಲಿ ಉರ್ದು ಕಚೇರಿಯ ಭಾಷೆಯಾಗಿದ್ದುದರಿಂದ ಕನ್ನಡಿಗರು ಅದನ್ನು ಕಲಿತದ್ದು ಆಸ್ತಿಪತ್ರ ಮತ್ತು ನೌಕರಿಗಾಗಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಸಿಂಧನೂರಿನ ಸುತ್ತ ಕ್ಯಾಂಪುಗಳಲ್ಲಿ ನೆಲೆಸಿ ಭತ್ತ ಬೆಳೆದರು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಅದೇ ತಾಲ್ಲೂಕಿನಲ್ಲಿ ಆರ್.ಎಚ್., ಎಂದರೆ ಪುನರ್ವಸತಿ, ಕ್ಯಾಂಪುಗಳು ಎದ್ದವು. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಗಣಿಯೂ ಲಂಬಾಣಿ ತಾಂಡಾಗಳೂ ಇವೆ. ಹೀಗಾಗಿ ಸಂತೆ, ನಾಟಿಗದ್ದೆ, ಅಕ್ಕಿ ಗಿರಣಿಗಳಲ್ಲಿ ತೆಲುಗು, ದಖನಿ, ಬಂಗಾಳಿ, ಲಂಬಾಣಿ ಮಾತುಗಳು ಪುಸ್ತಕದ ಹಂಗಿಲ್ಲದೆ ಬಾಯಿಂದ ಬಾಯಿಗೆ ದಾಟುತ್ತವೆ. ಕೂಲಿಯ ಲೆಕ್ಕ ತಪ್ಪಿದರೆ ನಷ್ಟವಾಗುತ್ತದೆ, ಆದ್ದರಿಂದ ಸಂಖ್ಯಾವಾಚಕಗಳು ಎಲ್ಲಕ್ಕಿಂತ ಮೊದಲು ಕೈಹಿಡಿಯುತ್ತವೆ.

ಆದರೆ ಇಂಗ್ಲಿಷ್ ಸಂತೆಯಲ್ಲಿ ಸಿಗುವ ಭಾಷೆಯಲ್ಲ, ಮತ್ತು ಆ್ಯಪ್‌ನ ನಿಜವಾದ ಉಪಯೋಗ ಕಾಣುವುದು ಇಲ್ಲಿಯೇ. ಕಲಿತದ್ದು ದಿನಗಳೆದಂತೆ ಮರೆಯುವ ಗತಿಯನ್ನು ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲಿ ಅಳೆದು ತೋರಿಸಿದರು. ಮರೆಯುವ ಅಂಚಿನಲ್ಲಿ ಪದವನ್ನು ಮತ್ತೆ ಕೇಳುವ, ಅಂದರೆ ಅಂತರ ಕೊಟ್ಟು ಪುನರಾವರ್ತಿಸುವ ವಿಧಾನವನ್ನು ಒಬ್ಬೊಬ್ಬರ ಗತಿಗೆ ಹೊಂದಿಸುವುದು ನಲವತ್ತು ಮಕ್ಕಳ ಶಿಕ್ಷಕರಿಗೆ ಅಸಾಧ್ಯವಾದರೂ ಯಂತ್ರಕ್ಕೆ ಸುಲಭ. ತಪ್ಪು ಉಚ್ಚರಿಸಿದವನನ್ನು ನೋಡಿ ಅದು ನಗುವುದಿಲ್ಲವೆಂಬುದೂ ಸಣ್ಣ ಲಾಭವಲ್ಲ. ಡುಯೊಲಿಂಗೊ ಸಂಸ್ಥೆಯ ನೆರವಿನಿಂದಲೇ 2012ರಲ್ಲಿ ನಡೆದ ಅಧ್ಯಯನವೊಂದು, ಸುಮಾರು 34 ಗಂಟೆಗಳ ಸ್ಪ್ಯಾನಿಷ್ ಅಭ್ಯಾಸವು ಅಮೆರಿಕದ ಕಾಲೇಜಿನ ಮೊದಲ ಸೆಮಿಸ್ಟರಿಗೆ ಸಮವೆಂದು ಲೆಕ್ಕ ಹಾಕಿತು; ಆದರೆ ಅಲ್ಲಿ ಅಳೆದದ್ದು ಪದಸಂಪತ್ತು, ವ್ಯಾಕರಣ, ಓದುಗಳನ್ನೇ ಹೊರತು ಮಾತನ್ನಲ್ಲ.

ಕನ್ನಡವನ್ನೇ ಇಂಥ ಆಟಕ್ಕೆ ಇಳಿಸಿದಾಗ ತೊಡಕು ಇನ್ನೊಂದು ಬಗೆಯದಾಗುತ್ತದೆ. ಚೆದುರಿದ ಪದಬಿಲ್ಲೆಗಳನ್ನು ಸಾಲಾಗಿ ಜೋಡಿಸುವ ಅಭ್ಯಾಸವು ಪದಕ್ರಮವೇ ಅರ್ಥವನ್ನು ನಿಯಂತ್ರಿಸುವ ಇಂಗ್ಲಿಷಿಗೆ ಒಗ್ಗುತ್ತದೆ. ವಿಭಕ್ತಿ ಪ್ರತ್ಯಯಗಳೇ ಸಂಬಂಧವನ್ನು ಹೇಳುವ ಕನ್ನಡದಲ್ಲಿ ‘ನಾನು ಶಾಲೆಗೆ ಹೋಗುತ್ತೇನೆ’ ಎಂಬುದೂ ‘ಶಾಲೆಗೆ ನಾನು ಹೋಗುತ್ತೇನೆ’ ಎಂಬುದೂ ಸರಿ. ಒತ್ತು ಮಾತ್ರ ಬೇರೆ. ಒಂದೇ ಉತ್ತರವನ್ನು ಒಪ್ಪುವ ಆಟ ಎರಡನೆಯದಕ್ಕೆ ಅಂಕ ಕಳೆದರೆ, ಕಲಿಯುವವನು ಭಾಷೆಯಲ್ಲಿ ಇಲ್ಲದ ನಿಯಮವೊಂದನ್ನು ಕಲಿತಂತಾಗುತ್ತದೆ. ಮೇಲಾಗಿ ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಕೇಳುವುದು ‘ಸಾಲಿಗಿ ಹೊಂಟೀನ್ರಿ’ ಎಂಬ ರೂಪ. ಆ ‘ರಿ’ ಗೌರವಸೂಚಕ. ಅದನ್ನು ಯಾರಿಗೆ ಹಚ್ಚಬೇಕು, ಯಾರಿಗೆ ಬಿಡಬೇಕು ಎಂಬುದು ಎದುರಿಗೆ ಆಳಿದ್ದಾಗಲಷ್ಟೇ ತಿಳಿಯುವ ವ್ಯಾಕರಣ.

ಆಧಾರಭಾಷೆಯ, ಎಂದರೆ ಯಾವ ಭಾಷೆಯ ಮೂಲಕ ಪಾಠ ನಡೆಯುತ್ತದೆಯೋ ಅದರ, ಪ್ರಶ್ನೆಯೂ ಇದೆ. ಆರ್.ಎಚ್. ಕ್ಯಾಂಪಿನ ಹುಡುಗಿ ಡುಯೊಲಿಂಗೊದಲ್ಲಿ ಬಂಗಾಳಿಯ ಮೂಲಕವೇ ಇಂಗ್ಲಿಷ್ ಕಲಿಯಬಹುದು. ಲಂಬಾಣಿ ಎಂಟನೆಯ ಅನುಸೂಚಿಯಲ್ಲಿಲ್ಲ, ಆದ್ದರಿಂದ ಭಾಷಾ ಸಂಗಮದ 22 ಭಾಷೆಗಳಲ್ಲೂ ಇಲ್ಲ. ತಾಂಡಾದ ಮಗುವಿಗೆ ಆಟದ ಬಾಗಿಲೇ ಪರಭಾಷೆಯಲ್ಲಿ ತೆರೆಯುತ್ತದೆ.

ಕರ್ನಾಟಕದ ಸರ್ಕಾರಿ ಶಾಲೆಗಳು ಮೊಬೈಲಿಗಿಂತ ಮೊದಲೇ ಭಾಷಾಕಲಿಕೆಯ ಆಟೀಕರಣವನ್ನು ಕಂಡಿದ್ದವೆಂಬುದು ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುತ್ತದೆ. ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಿಂದ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009–10ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿದ ನಲಿ–ಕಲಿ ಎಂಬ ಬೋಧನಾ ಪದ್ಧತಿಯಲ್ಲಿ ಕಲಿಕಾ ಏಣಿ, ಮೈಲಿಗಲ್ಲು, ಚಿತ್ರದ ಲೋಗೊ ಇರುವ ಕಾರ್ಡುಗಳು ಎಲ್ಲವೂ ಇವೆ. ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ತೊಡಗುವುದರಿಂದ ಮಗು ಮೊದಲ ಹೆಜ್ಜೆಯಲ್ಲೇ ಅರಸ, ಅಗಸ, ಗರಗಸ ಎಂದು ಓದಬಲ್ಲದು. ಇದು ಯಾವ ಪದಕಕ್ಕೂ ಕಡಿಮೆಯಲ್ಲದ ಬಹುಮಾನ. ಐದು ‘ತಟ್ಟೆ’ಗಳಲ್ಲಿ, ಎಂದರೆ ಗುಂಪುಗಳಲ್ಲಿ, ಶಿಕ್ಷಕರ ಪೂರ್ಣ ಬೆಂಬಲದಿಂದ ಸಹಪಾಠಿಯ ಬೆಂಬಲಕ್ಕೆ, ಅಲ್ಲಿಂದ ಸ್ವಕಲಿಕೆಗೆ ಮಗು ಸಾಗುತ್ತದೆ. ಆ್ಯಪ್ ತನ್ನ ಬಳಕೆದಾರನನ್ನು ಮೊದಲ ದಿನವೇ ಕೊನೆಯ ತಟ್ಟೆಯಲ್ಲಿ ಕೂರಿಸುತ್ತದೆ.

ಈ ಎರಡು ಆಟಗಳ ನಡುವಣ ನಿಜವಾದ ಅಂತರವಿರುವುದು ಎಣಿಕೆಯಲ್ಲಿ. ಆ್ಯಪ್‌ನ ಸ್ಟ್ರೀಕ್ ಎಂಬ ಸರಣಿ ಬಿಡದೆ ಬಂದ ದಿನಗಳನ್ನು ಎಣಿಸುತ್ತದೆ. ಅದನ್ನು ಉಳಿಸಿಕೊಳ್ಳಲು ಸುಲಭದ ಪಾಠವೊಂದನ್ನು ರಾತ್ರಿ ಎರಡು ನಿಮಿಷ ಒತ್ತಿ ಮಲಗಿದರೂ ಸಾಕು. ನಲಿ–ಕಲಿಯ ಏಣಿ ಎಣಿಸುವುದು ಮಗು ಹತ್ತಿದ ಮೆಟ್ಟಿಲುಗಳನ್ನು.  ಬಹುಮಾನದ ಆಸೆಯನ್ನು ಮೊದಲೇ ತೋರಿಸಿ ಚಿತ್ರ ಬರೆಸಿದ ಮಕ್ಕಳಿಗೆ ಮುಂದೆ ಚಿತ್ರ ಬರೆಯುವುದರಲ್ಲೇ ಆಸಕ್ತಿ ತಗ್ಗಿತೆಂದು ಮನೋವಿಜ್ಞಾನಿಗಳಾದ ಲೆಪ್ಪರ್, ಗ್ರೀನ್, ನಿಸ್ಬೆಟ್ 1973ರಲ್ಲಿ ತೋರಿಸಿದ್ದು ಇಲ್ಲಿಗೂ ಅನ್ವಯಿಸುವ ಸಂಗತಿ.

ಎಣಿಕೆಯ ಈ ಅಂತರ ಗುಳೆಯ ಕಾಲದಲ್ಲಿ ಎದ್ದು ಕಾಣುತ್ತದೆ. ಕಾಲುವೆಯ ನೀರು ಮುಟ್ಟದ ಮಸ್ಕಿ, ಲಿಂಗಸುಗೂರು ಭಾಗದ ಹಳ್ಳಿ, ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಬೆಂಗಳೂರಿನಂಥ ಊರುಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಇರುವ ಒಂದು ಫೋನು ತಂದೆಯ ಕಿಸೆಯಲ್ಲಿದ್ದು, ಮಗುವಿನ ದಿನದ ಪಾಠ ತಪ್ಪುತ್ತದೆ. ಆ್ಯಪ್‌ನಲ್ಲಿ ಪಾಠದ ಸ್ಥಾನ ಉಳಿದರೂ ನೂರು ದಿನದ ಸರಣಿ ಸೊನ್ನೆಗೆ ಇಳಿಯುತ್ತದೆ. ನಲಿ–ಕಲಿಯ ಏಣಿಯ ನಿಯಮದ ಪ್ರಕಾರ, ಮುಂಗಾರಿಗೆ ಊರಿಗೆ ಮರಳಿದ ಮಗು ತಾನು ಬಿಟ್ಟುಹೋದ ಕಾರ್ಡನ್ನೇ ಮತ್ತೆ ಎತ್ತಿಕೊಳ್ಳುತ್ತದೆ.