ಮಸ್ಕಿಯ ಬೆಟ್ಟ ಕಾಯ್ದ ಮಾತು

ಅರಸರ ಹೆಸರುಗಳು ಶಿಲೆಯಲ್ಲಿ ಉಳಿಯುವುದು ಹೊಸತಲ್ಲ. ಆದರೆ ಚಿಕ್ಕವರ ಯೋಗ್ಯತೆಯನ್ನು ಸಾರುವ ಮಾತು ಶಿಲೆಯಲ್ಲಿ ಉಳಿಯುವುದು ಅಪರೂಪ. ಅಂತಹ ಮಾತೊಂದನ್ನು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಕಾಯ್ದುಕೊಂಡು ಬಂದ ಊರು ರಾಯಚೂರು ಜಿಲ್ಲೆಯ ಮಸ್ಕಿ.

ಬೆಟ್ಟದ ಮಡಿಲಿನಲ್ಲಿರುವ ಈ ಚಿಕ್ಕ ಪಟ್ಟಣದ ಚರಿತ್ರೆ ಅರಸರಿಂದ ಆರಂಭವಾಗುವುದಿಲ್ಲ. ಇಲ್ಲಿನ ಪ್ರಾಚೀನ ಅವಶೇಷಗಳನ್ನು ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿಯೇ ಗುರುತಿಸಿದ್ದನು. 1954ರಲ್ಲಿ ಬಿ. ಕೆ. ಥಾಪರ್ ಅವರು ನಡೆಸಿದ ಉತ್ಖನನದಲ್ಲಿ ತಾಮ್ರಶಿಲಾಯುಗ, ಬೃಹತ್ ಶಿಲಾಯುಗ, ಇತಿಹಾಸದ ಆರಂಭಕಾಲ ಹಾಗೂ ಮಧ್ಯಯುಗದ ನೆಲೆಗಳು ಪದರ ಪದರವಾಗಿ ಕಂಡುಬಂದವು. ಕಲ್ಲಿನ ಅಲಗು, ಮಣಿ, ಮಡಕೆಗಳು ದೊರೆತವು. ಅವನ್ನು ರೂಪಿಸಿದ ಕೈಗಳ ಹೆಸರು ಮಾತ್ರ ಎಲ್ಲಿಯೂ ಬರೆಯಲ್ಪಟ್ಟಿಲ್ಲ.

1915ರಲ್ಲಿ, ಮಸ್ಕಿಯು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಾಗ, ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನವನ್ನು ಅರಸುತ್ತ ಈ ಬೆಟ್ಟಕ್ಕೆ ಬಂದನು. ಅವನ ಕಣ್ಣಿಗೆ ಬಿದ್ದುದು ಬಂಡೆಯ ಮೇಲಿನ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಬರಹ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಅದು ಕ್ರಿ.ಪೂ. 3ನೆಯ ಶತಮಾನದ ಶಾಸನವಾಗಿತ್ತು.

ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಬಿಡಿಸಿ ಓದಿದಾಗ, ಶಾಸನಗಳಲ್ಲಿ ಅರಸನ ಬಿರುದುಗಳು ಮಾತ್ರ ಕಂಡಿದ್ದವು: ದೇವಾನಾಂಪಿಯ, ಪಿಯದಸಿ. ಈತನೇ ಅಶೋಕನೆಂಬುದಕ್ಕೆ ಸಿಂಹಳದ ಗ್ರಂಥಗಳೇ ಆಧಾರವಾಗಿದ್ದವು. ಮಸ್ಕಿಯ ಬಂಡೆಯು ಬಿರುದಿನೊಡನೆ ಅಶೋಕ ಎಂಬ ಹೆಸರನ್ನೂ ನುಡಿದು ಆ ಊಹೆಯನ್ನು ದೃಢಪಡಿಸಿತು. ಅನಂತರ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೊಳಂಗಳಲ್ಲಿಯೂ ಆ ಹೆಸರು ದೊರೆಯಿತು.

ಈ ಹೆಸರಿನಿಂದಾಗಿಯೇ ಮಸ್ಕಿ ಪ್ರಸಿದ್ಧವಾಯಿತು. ಆದರೆ ಶಾಸನದ ತಿರುಳು ಹೆಸರಿನಲ್ಲಿಲ್ಲ. ಧರ್ಮದಲ್ಲಿ ತೊಡಗಿದ ಅಲ್ಪನೂ ಉನ್ನತವಾದ ಗುರಿಯನ್ನು ಮುಟ್ಟಬಲ್ಲನು. ಅದು ದೊಡ್ಡವರಿಗಷ್ಟೇ ಮೀಸಲೆಂದು ಭಾವಿಸಬಾರದು. ಇದನ್ನು ಹಿರಿಯ ಕಿರಿಯರಿಬ್ಬರಿಗೂ ತಿಳಿಸಬೇಕು ಎಂಬುದೇ ಅದರ ಆಶಯ. ವಿಶಾಲ ಸಾಮ್ರಾಜ್ಯದ ಒಡೆಯನು ತನ್ನ ಹೆಸರಿನ ಕೆಳಗೆ ಬರೆಸಿದ ಮಾತಿದು.

ಮುಂದೆ 11ನೆಯ ಶತಮಾನದಲ್ಲಿ ಚೋಳ ರಾಜೇಂದ್ರನೂ ಚಾಲುಕ್ಯ ಜಯಸಿಂಹನೂ ಕಾದಾಡಿದ ಮುಸಂಗಿಯು ಈ ಮಸ್ಕಿಯೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಅರಸರು ಬಂದರು, ಗೆದ್ದರು, ಸೋತರು, ಹೋದರು. ಬಂಡೆಯ ಮಾತು ಉಳಿಯಿತು. ಅಶೋಕನ ಹೆಸರನ್ನು ಹುಡುಕಿಕೊಂಡು ಮಸ್ಕಿಗೆ ಹೋದವರು, ಹೆಸರಿಲ್ಲದವರಿಗಾಗಿ ಅಲ್ಲಿ ಬರೆದುದನ್ನೂ ತಿಳಿದು ಬರಬೇಕು. ಚಿನ್ನವನ್ನರಸಿ ಬಂದವನಿಗೆ ಆ ಬೆಟ್ಟ ತೋರಿಸಿದ ನಿಜವಾದ ಚಿನ್ನ ಅದೇ.